ಕೈ ಏಳದ ದಿನಗಳು

ಹದಿಮೂರನೇ ವಯಸ್ಸಿನಲ್ಲಿ ನನಗೆ ಬಂದ ಕಾಯಿಲೆಗೆ ನಮ್ಮ ಮನೆಯಲ್ಲಿ ಮೊದಲು ಇಟ್ಟ ಹೆಸರು ಸೋಮಾರಿತನ. ಆಮೇಲೆ ಅದು ಗ್ಯಾಸ್ಟ್ರಿಕ್ ಆಯಿತು. ಅಜ್ಜಿ ದೃಷ್ಟಿ ಅಂದಳು. ಅಪ್ಪ ಒಂದು ದಿನ ಬೇಸತ್ತು ನಾಟಕ ಅಂದ. ಸರಿಯಾದ ಹೆಸರು ಸಿಗುವ ಹೊತ್ತಿಗೆ ಎಂಟು ತಿಂಗಳು ಕಳೆದುಹೋಗಿದ್ದವು.

ಈಗ ನನಗೆ ಇಪ್ಪತ್ತಮೂರು. ಸುಗಟೂರಿನ ಹಾಲಿನ ಡೇರಿಯಲ್ಲಿ ಬೆಳಿಗ್ಗೆ ಸಂಜೆ ಹಾಲು ಅಳೆದು ಫ್ಯಾಟು ನೋಡುವುದು ನನ್ನ ಕೆಲಸ. ಹೋದ ತಿಂಗಳು ಹಾಲು ಹಾಕಲು ಬಂದ ಒಬ್ಬ ಹೆಂಗಸು ಸಾಲಿನಲ್ಲಿ ನಿಂತು ಇನ್ನೊಬ್ಬರ ಹತ್ತಿರ ತಮ್ಮ ಮಗಳ ವಿಷಯ ಹೇಳುತ್ತಿದ್ದರು. "ಯಾವಾಗ ನೋಡು ಹೊಟ್ಟೆನೋವು ಅಂತಾಳೆ. ಸ್ಕ್ಯಾನಿಂಗ್ ಮಾಡ್ಸಿದ್ರೆ ಏನೂ ಇಲ್ಲ. ಮಾತಾಡ್ಸಿದ್ರೆ ಮೈಮೇಲೆ ಬೀಳ್ತಾಳೆ." ಅಷ್ಟು ಕೇಳಿ ನಾನು ಅವರನ್ನು ಸ್ವಲ್ಪ ಹೊತ್ತು ಇರಿ ಎಂದೆ. ಎಲ್ಲರೂ ಹೋದ ಮೇಲೆ ಅವರಿಗೆ ಹೇಳಿದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ, ಇನ್ನೂ ಸ್ವಲ್ಪ ಉದ್ದವಾಗಿ.

ನಮ್ಮದು ಎರಡೂವರೆ ಎಕರೆ. ಅರ್ಧದಲ್ಲಿ ಹಿಪ್ಪುನೇರಳೆ, ಉಳಿದಿದ್ದರಲ್ಲಿ ಟೊಮೆಟೊ, ಬೀನ್ಸು, ಒಂದಿಷ್ಟು ರಾಗಿ. ಎರಡು ಸೀಮೆಹಸು. ಮನೆಯಲ್ಲಿ ಅಪ್ಪ, ಅಮ್ಮ, ಅಜ್ಜಿ, ನಾನು ಮತ್ತು ನನಗಿಂತ ಆರು ವರ್ಷಕ್ಕೆ ಚಿಕ್ಕವಳಾದ ತಂಗಿ ಸಿಂಧು. ಮನೆಗೆ ಅಂಟಿಕೊಂಡಂತೆ ರೇಷ್ಮೆಹುಳು ಸಾಕುವ ಕೋಣೆ. ಜಗಳವಿಲ್ಲದ ಮನೆ, ಕುಡಿತವಿಲ್ಲದ ಅಪ್ಪ. ಇದನ್ನು ಮೊದಲೇ ಹೇಳುವುದು ಯಾಕೆಂದರೆ, ಕಾರಣವೇನು ಎಂದು ಎಲ್ಲರೂ ಕೇಳುತ್ತಾರೆ. ಕಾರಣ ಎಂದು ಬೆರಳಿಟ್ಟು ತೋರಿಸುವಂಥದ್ದು ನಮ್ಮಲ್ಲಿ ಏನೂ ಇರಲಿಲ್ಲ.

ಎಂಟನೇ ಕ್ಲಾಸಿನವರೆಗೆ ನಾನು ಸ್ಕೂಲಿನ ಖೋ ಖೋ ತಂಡದಲ್ಲಿದ್ದೆ. ಓಟದಲ್ಲಿ ನನ್ನನ್ನು ಮುಟ್ಟುವುದು ಕಷ್ಟ ಎಂದು ನಮ್ಮ ಎದುರು ಆಡುತ್ತಿದ್ದ ಟೇಕಲ್ ಸ್ಕೂಲಿನ ಹುಡುಗಿಯರೇ ಹೇಳುತ್ತಿದ್ದರು. ಒಂದು ದಿನ ಆಟದ ಮಧ್ಯೆ ನಿಂತುಬಿಟ್ಟೆ. ಕಾಲು ನೋಯಲಿಲ್ಲ, ಉಸಿರು ಕಟ್ಟಲಿಲ್ಲ. ಓಡಿ ಏನಾಗಬೇಕು ಅನ್ನಿಸಿತು, ಅಷ್ಟೆ. ಪಿ.ಟಿ. ಮೇಡಂ ಮಂಜುಳಾ ಅವರು ಸೀಟಿ ಊದಿ, "ಏನಾಯ್ತೇ ಪವಿತ್ರಾ?" ಎಂದು ಕೇಳಿದರು. "ಹೊಟ್ಟೆನೋವು ಮೇಡಂ" ಅಂದೆ. ಅದು ಸುಳ್ಳಾಗಿತ್ತು. ಆದರೆ ವಾರದೊಳಗೆ ನಿಜವಾಗಿಯೇ ಹೊಟ್ಟೆ ನೋಯತೊಡಗಿತು. ಬೆಳಿಗ್ಗೆ ಎದ್ದ ತಕ್ಷಣ ಹೊಕ್ಕಳಿನ ಸುತ್ತ ಯಾರೋ ಬಟ್ಟೆ ಹಿಂಡಿದ ಹಾಗೆ.

ನಾನು ಅಳುತ್ತಿರಲಿಲ್ಲ. ಅತ್ತಿದ್ದರೆ ಬಹುಶಃ ಯಾರಾದರೂ ಬೇಗ ತಿಳಿದುಕೊಳ್ಳುತ್ತಿದ್ದರು. ನನಗೆ ಬರುತ್ತಿದ್ದದ್ದು ಕೋಪ. ಮುದ್ದೆ ಗಟ್ಟಿಯಾಗಿದೆ ಎಂದು ತಟ್ಟೆ ತಳ್ಳಿದೆ. ಬಾಚಣಿಗೆ ಮುಟ್ಟಿದಳೆಂದು ಸಿಂಧುವಿನ ಕಾಪಿ ಪುಸ್ತಕ ಹರಿದುಹಾಕಿದೆ. ಅವಳು ಏಳು ವರ್ಷದ ಮಗು, ಹರಿದ ಹಾಳೆಗಳನ್ನು ಅನ್ನದಗುಳಿನಿಂದ ಅಂಟಿಸುತ್ತಾ ಕೂತಿದ್ದಳು. ಅದನ್ನು ನೋಡಿ ನನಗೆ ಪಾಪ ಅನ್ನಿಸಬೇಕಿತ್ತು. ಏನೂ ಅನ್ನಿಸಲಿಲ್ಲ. ಏನೂ ಅನ್ನಿಸದಿದ್ದದ್ದೇ ನನಗೆ ಹೆದರಿಕೆ ಹುಟ್ಟಿಸಿತು. ನಾನು ಕೆಟ್ಟವಳು ಎಂದುಕೊಂಡೆ. ಆ ಎಂಟು ತಿಂಗಳೂ ನನ್ನ ಬಗ್ಗೆ ನನಗಿದ್ದ ತೀರ್ಮಾನ ಅದೇ.

ಅಮ್ಮ ಕೋಲಾರಕ್ಕೆ ಕರೆದುಕೊಂಡು ಹೋದಳು. ಒಬ್ಬ ಡಾಕ್ಟರು ಗ್ಯಾಸ್ಟ್ರಿಕ್ ಮಾತ್ರೆ ಕೊಟ್ಟರು. ಇನ್ನೊಬ್ಬರು ರಕ್ತ ಕಡಿಮೆ ಎಂದು ಟಾನಿಕ್ ಬರೆದರು. ಗ್ಲೂಕೋಸ್ ಏರಿಸಿದರು. ಸ್ಕ್ಯಾನಿಂಗ್ ರಿಪೋರ್ಟು ಕೈಗೆ ಬಂದ ದಿನ ಅಮ್ಮ ಬಸ್ಸಿನಲ್ಲಿ ಅದನ್ನು ತೊಡೆಯ ಮೇಲೆ ಇಟ್ಟುಕೊಂಡು, "ಎಲ್ಲಾ ನಾರ್ಮಲ್ಲಂತೆ" ಎಂದು ಸಮಾಧಾನದಿಂದ ಹೇಳಿದಳು. ನನಗೆ ಮಾತ್ರ ಬಾಗಿಲು ಮುಚ್ಚಿದ ಹಾಗಾಯಿತು. ಏನಾದರೂ ಇರಲಿ, ಗೆಡ್ಡೆಯೋ ಹುಣ್ಣೋ, ಇದ್ದರೆ ತೆಗೆದುಹಾಕುತ್ತಾರೆ ಎಂದು ಕಾಯುತ್ತಿದ್ದೆ.

ಅಜ್ಜಿ ಹುಟ್ಟಿದ್ದು ಶ್ರೀನಿವಾಸಪುರದ ಆಚೆ, ಆಂಧ್ರದ ಗಡಿಯಲ್ಲಿ. ಬೇಜಾರಾದಾಗ ಅವಳಿಗೆ ತೆಲುಗೇ ಬರುವುದು. "ಏಮೈಂದೇ ನಾ ತಲ್ಲಿ," ಏನಾಯ್ತೇ ನನ್ನ ತಾಯಿ, ಎಂದು ಕೆನ್ನೆ ಸವರಿ, ಉಪ್ಪು ಮೆಣಸಿನಕಾಯಿ ನಿವಾಳಿಸಿ ಇಳಿ ತೆಗೆದು ಒಲೆಗೆ ಹಾಕುತ್ತಿದ್ದಳು. ಮೆಣಸಿನಕಾಯಿ ಘಾಟು ಬಂದರೆ ದೃಷ್ಟಿಯಿಲ್ಲ, ಬರದಿದ್ದರೆ ಇದೆ. ನನ್ನದಕ್ಕೆ ಒಮ್ಮೆ ಬರುತ್ತಿತ್ತು, ಒಮ್ಮೆ ಇಲ್ಲ. ಅಜ್ಜಿಗೂ ಗೊಂದಲ.

ಒಂಬತ್ತನೇ ಕ್ಲಾಸು ಶುರುವಾದಾಗ ನಾನು ಸ್ಕೂಲಿಗೆ ಹೋಗುವುದನ್ನೇ ಬಿಟ್ಟೆ. ಅಪ್ಪ ಸ್ವಲ್ಪ ದಿನ ಸುಮ್ಮನಿದ್ದ. ಆಮೇಲೆ ಒಂದು ಬೆಳಿಗ್ಗೆ ಚಾಪೆಯ ಪಕ್ಕ ನಿಂತು, "ಡಾಕ್ಟ್ರು ಏನೂ ಇಲ್ಲ ಅಂತಾವ್ರೆ. ನೀನು ಮಾತ್ರ ಮಲ್ಗೇ ಇದ್ದೀಯ. ಏನಮ್ಮಾ ಈ ನಾಟಕ?" ಎಂದ. ಬೈಯುವ ದನಿಯಲ್ಲ, ಸೋತ ದನಿ. ನಾನು ಗೋಡೆಯ ಕಡೆ ತಿರುಗಿದೆ.

ಆಗ ಹುಳುಗಳು ನಾಲ್ಕನೇ ಜ್ವರದಿಂದ ಎದ್ದಿದ್ದವು. ರೇಷ್ಮೆ ಸಾಕದವರಿಗೆ ಹೇಳಬೇಕು: ಹುಳು ಪೊರೆ ಬಿಡುವ ಮುಂಚೆ ತಿನ್ನುವುದು ನಿಲ್ಲಿಸಿ ತಲೆಯೆತ್ತಿ ಕೂರುತ್ತದೆ. ಅದನ್ನು ನಮ್ಮ ಕಡೆ ಜ್ವರ ಅನ್ನುತ್ತಾರೆ. ನಾಲ್ಕು ಜ್ವರ ದಾಟಿದ ಮೇಲೆ ಅವುಗಳ ಹಸಿವಿಗೆ ಮಿತಿಯಿಲ್ಲ. ಹೊತ್ತುಹೊತ್ತಿಗೆ ಹಿಪ್ಪುನೇರಳೆ ಸೊಪ್ಪು ಬೀಳಲೇಬೇಕು.

ಅದೇ ವಾರ ಟೇಕಲ್‌ನಲ್ಲಿ ಅಮ್ಮನ ಅಣ್ಣನ ಮನೆ ಗೃಹಪ್ರವೇಶ. ಎಲ್ಲರೂ ಹೋಗಲೇಬೇಕು. ನಾನು ಬರುವುದಿಲ್ಲ ಎಂದೆ. ಅಮ್ಮ ಸೊಪ್ಪು ಕೊಯ್ದು, ರಾಶಿ ಹಾಕಿ, ಒದ್ದೆ ಗೋಣಿಚೀಲ ಹೊದಿಸಿ, "ಹನ್ನೊಂದಕ್ಕೆ ಒಂದ್ಸಲ, ಮೂರಕ್ಕೆ ಒಂದ್ಸಲ ಹಾಕು ಕಣೇ. ಸಾಯಂಕಾಲದೊಳಗೆ ಬಂದ್ಬಿಡ್ತೀವಿ" ಎಂದಳು. ನಾನು ಚಿಕ್ಕಂದಿನಿಂದ ಮಾಡಿಕೊಂಡು ಬಂದ ಕೆಲಸ ಅದು. ಹೂಂ ಎಂದೆ.

ಹನ್ನೊಂದಕ್ಕೆ ಹುಳುಮನೆಗೆ ಹೋದೆ. ಗೋಣಿಚೀಲ ತೆಗೆದೆ. ಸೊಪ್ಪಿನ ಪಕ್ಕ ಕೂತೆ. ಕೈ ಮುಂದೆ ಚಾಚಿ ಒಂದು ತೆಕ್ಕೆ ಎತ್ತಬೇಕು, ಅಷ್ಟೇ. ಆ ಕೈ ಏಳಲಿಲ್ಲ. ಈಗ ಎಷ್ಟು ವಿವರಿಸಿದರೂ ಇದು ಹಗುರವಾಗಿ ಕೇಳಿಸುತ್ತದೆ. ಬೇಕೆಂದೇ ಮಾಡದೆ ಕೂತಿರಲಿಲ್ಲ. ಏಳು, ಹಾಕು, ಅವು ಹಸಿದಿವೆ ಎಂದು ನನಗೆ ನಾನೇ ಹೇಳಿಕೊಳ್ಳುತ್ತಿದ್ದೆ. ಆ ಮಾತು ತಲೆಯಿಂದ ಕೈವರೆಗೆ ಇಳಿಯುತ್ತಿರಲಿಲ್ಲ. ಹುಳುಮನೆಯಲ್ಲಿ ಯಾವಾಗಲೂ ಹುಳು ತಿನ್ನುವ ಸರಸರ ಸದ್ದಿರುತ್ತದೆ. ಆ ದಿನ ಅದು ಕಡಿಮೆಯಾಗುತ್ತಾ ಬಂದು ನಿಂತುಹೋಯಿತು. ಸಾಕುವ ತಟ್ಟೆಗಳ ಅಂಚಿಗೆ ಹುಳುಗಳು ಹರಿದು ಬಂದು ತಲೆಯೆತ್ತಿ ಹುಡುಕುತ್ತಿದ್ದವು. ಸೊಪ್ಪು ನನ್ನ ಕಣ್ಣೆದುರೇ ಬಾಡಿತು.

ಅವರು ಬಂದಾಗ ಐದು ಗಂಟೆ. ಅಪ್ಪ ಹೊಸ ಪಂಚೆಯಲ್ಲೇ ಒಳಗೆ ಬಂದವನು ನನ್ನನ್ನೂ ತಟ್ಟೆಗಳನ್ನೂ ನೋಡಿದ. ಕೈ ಎತ್ತಿದ. ಅದುವರೆಗೆ ಅಪ್ಪ ನನ್ನನ್ನು ಒಮ್ಮೆಯೂ ಹೊಡೆದಿರಲಿಲ್ಲ. ನಾನು ಕದಲಲಿಲ್ಲ, ಮುಖ ತಿರುಗಿಸಲಿಲ್ಲ.

"ಹೊಡ್ದ್ಬಿಡಪ್ಪಾ, ಪರ್ವಾಗಿಲ್ಲ," ಎಂದೆ.

ಆ ಮಾತು ನನ್ನ ಬಾಯಿಂದ ಹೇಗೆ ಬಂತೋ ಗೊತ್ತಿಲ್ಲ. ಅಪ್ಪನ ಕೈ ಕೆಳಗಿಳಿಯಿತು. ಆಮೇಲೆ ಪಂಚೆ ಎತ್ತಿ ಕಟ್ಟಿ ತೋಟಕ್ಕೆ ಹೋಗಿ, ಅಮ್ಮನ ಜೊತೆ ಹೊಸ ಸೊಪ್ಪು ಕೊಯ್ದು ತಂದು ಎಲ್ಲ ತಟ್ಟೆಗಳಿಗೂ ಹಾಕಿದ. ಮುಗಿದ ಮೇಲೆ ನನ್ನ ಪಕ್ಕ ನೆಲದ ಮೇಲೆ ಕೂತ.

"ಯಾಕಮ್ಮಾ?"

"ಕೈ ಏಳ್ಲಿಲ್ಲಪ್ಪಾ."

"ನೋವಾ?"

"ನೋವಲ್ಲ. ಏಳ್ಲಿಲ್ಲ."

ಅಂದಿನಿಂದ ನಾಟಕ ಎಂಬ ಮಾತು ಮಾತ್ರ ಮನೆಯಲ್ಲಿ ಯಾರ ಬಾಯಲ್ಲೂ ಬರಲಿಲ್ಲ. ಹುಳು ಬಹಳಷ್ಟು ಉಳಿದುಕೊಂಡಿತು, ಅವು ಕಟ್ಟಿದ ರೇಷ್ಮೆಗೂಡು ಸ್ವಲ್ಪ ಚಿಕ್ಕದಾಯಿತು.

ಎರಡು ದಿನ ಬಿಟ್ಟು ಮಂಜುಳಾ ಮೇಡಂ ಮನೆಗೆ ಬಂದರು. ಕಾಫಿ ಕುಡಿದು, ನನ್ನ ಹತ್ತಿರ ಸುಮ್ಮನೆ ಕೂತು, ಹೋಗುವಾಗ ಅಮ್ಮನನ್ನು ಹಿತ್ತಲಿಗೆ ಕರೆದರು. ಕಿಟಕಿಯಿಂದ ನನಗೆ ಕೇಳಿಸುತ್ತಿತ್ತು. "ಹೊಟ್ಟೆದಲ್ಲ ಇದು. ಕೋಲಾರದ ದೊಡ್ಡಾಸ್ಪತ್ರೆಲಿ ಮನಸ್ಸಿನ ಡಾಕ್ಟ್ರು ಅವ್ರೆ. ಒಂದ್ಸಲ ತೋರ್ಸಿ. ನನ್ನಕ್ಕನ ಮಗನಿಗೆ ತೋರ್ಸಿದ್ವಿ, ಅದಕ್ಕೆ ಹೇಳ್ತಿದ್ದೀನಿ."

ಸಂಜೆ ಅಮ್ಮ ಅದನ್ನು ಅಪ್ಪನಿಗೆ ಹೇಳಿದಳು. ಅಪ್ಪ ತಲೆ ಅಲ್ಲಾಡಿಸಿದ. "ಹುಚ್ಚಿನ ಡಾಕ್ಟ್ರ ಹತ್ರಾನಾ? ಹೆಣ್ಣುಮಗು. ಊರೋರು ಯಾರಾದ್ರೂ ನೋಡಿದ್ರೆ ನಾಳೆ ಯಾರು ಮಾಡ್ಕೊಳ್ತಾರೆ?" ಅಜ್ಜಿಗೆ ಬೇರೆ ಉಪಾಯ ಇತ್ತು. ಮುಳಬಾಗಿಲಿನಲ್ಲಿರುವ ತನ್ನ ಮಗಳಿಗೆ, ಅಂದರೆ ನನ್ನ ಸೋದರತ್ತೆ ಶಾಂತತ್ತೆಗೆ ಫೋನ್ ಮಾಡಿ, ಅಲ್ಲಿನ ಯಾರ ಹತ್ತಿರವೋ ದಾರ ಮಂತ್ರಿಸಿಕೊಂಡು ಬಾ ಎಂದಳು.

ಶಾಂತತ್ತೆ ಅಪ್ಪನ ತಂಗಿ. ಅಂಗನವಾಡಿಯಲ್ಲಿ ಸಹಾಯಕಿ. ಹೆಚ್ಚು ಮಾತಿಲ್ಲದ, ನಗುವೂ ಇಲ್ಲದ ಹೆಂಗಸು. ಬಂದರೆ ಮೂಲೆಯಲ್ಲಿ ಕೂತು ಸೊಪ್ಪು ಬಿಡಿಸಿ, ಪಾತ್ರೆ ತೊಳೆದು ಹೋಗುತ್ತಿದ್ದಳು. ನಮಗೆ ಮಕ್ಕಳಿಗೆ ಅವಳ ಬಗ್ಗೆ ಪ್ರೀತಿಯೂ ಇರಲಿಲ್ಲ, ಭಯವೂ ಇರಲಿಲ್ಲ. ಮಾರನೇ ದಿನ ಮಧ್ಯಾಹ್ನ, ಅಪ್ಪನೂ ಊಟಕ್ಕೆ ಮನೆಗೆ ಬಂದಿದ್ದ ಹೊತ್ತಿನಲ್ಲಿ ಬಂದಳು. ನಾನು ಮಲಗಿದ್ದ ಕೋಣೆಯ ಬಾಗಿಲಲ್ಲಿ ನಿಂತು ನೋಡಿದಳು. ಅಜ್ಜಿ, "ದಾರ ಎಲ್ಲೇ?" ಎಂದು ಕೈ ಚಾಚಿದಳು.

"ತಂದಿಲ್ಲ," ಎಂದಳು ಅತ್ತೆ.

"ಯಾಕೆ?"

"ನನಗೂ ಕಟ್ಟಿದ್ರಲ್ಲಮ್ಮಾ, ಏನಾಯ್ತು?"

ಅಜ್ಜಿ ಚಾಚಿದ ಕೈಯನ್ನು ಹಿಂದಕ್ಕೆ ತೆಗೆದುಕೊಂಡಳು. ಅತ್ತೆ ಹೊಸ್ತಿಲ ಹತ್ತಿರ ಕೂತು, ಯಾರ ಮುಖವನ್ನೂ ನೋಡದೆ ಮಾತಾಡಿದಳು. ಅಷ್ಟು ಮಾತು ಅವಳ ಬಾಯಿಂದ ನಾನು ಕೇಳಿದ್ದು ಅದೇ ಮೊದಲು.

"ನನಗೆ ಹದಿನಾಲ್ಕು. ಹಿಂಗೇ ಮಲ್ಗಿರ್ತಿದ್ದೆ. ಊಟ ಸೇರ್ತಿರ್ಲಿಲ್ಲ. ಸ್ಕೂಲ್ ಬಿಡ್ಸಿದ್ರಿ. ಕೊಬ್ಬು ಅಂದ್ರಿ. ದಾರ ಕಟ್ಟಿದ್ರಿ. ಮದ್ವೆ ಆದ್ರೆ ಸರಿಹೋಗ್ತಾಳೆ ಅಂತ ಹದಿನೇಳಕ್ಕೆ ಮದ್ವೆ ಮಾಡಿದ್ರಿ. ಸರಿಹೋಗ್ಲಿಲ್ಲ ಅಣ್ಣಾ. ನಾನು ಹೇಳೋದು ಬಿಟ್ಟೆ, ಅಷ್ಟೆ. ನೀವೆಲ್ಲ ಸರಿಹೋದ್ಲು ಅಂದ್ಕೊಂಡ್ರಿ."

ಅಪ್ಪ ಕೈಯಲ್ಲಿದ್ದ ಟವೆಲನ್ನು ಮಡಚಿದ, ಬಿಚ್ಚಿದ, ಮತ್ತೆ ಮಡಚಿದ. ಅತ್ತೆ ಎದ್ದು ನನ್ನ ಪಕ್ಕ ಬಂದು ಮಲಗಿದಳು. ನನ್ನ ತಲೆ ಸವರಲಿಲ್ಲ, ಸಮಾಧಾನ ಹೇಳಲಿಲ್ಲ. "ನಾಳೆ ಕೋಲಾರಕ್ಕೆ ಹೋಗಣ. ನಾನೂ ಬರ್ತೀನಿ," ಎಂದಳು. ಅಪ್ಪ ಬೇಡ ಅನ್ನಲಿಲ್ಲ.

ಆಸ್ಪತ್ರೆಯಲ್ಲಿ ಚೀಟಿ ಮಾಡಿಸಿ, ಅಪ್ಪ, ಅಮ್ಮ, ಅತ್ತೆ, ನಾನು ಕೇಳಿಕೊಂಡು ಕೇಳಿಕೊಂಡು ಆ ಕೋಣೆ ಹುಡುಕಿದೆವು. ಹೊರಗೆ ಉದ್ದ ಬೆಂಚು. ಎದುರುಗಡೆ ಹಲ್ಲಿನ ಡಾಕ್ಟರ ಕೋಣೆ. ಅಮ್ಮ ಹಲ್ಲಿನ ಕೋಣೆಯ ಬೆಂಚಿನ ಮೇಲೆ ಕೂತಳು, ನೋಡಿದವರು ಹಲ್ಲುನೋವು ಅಂದುಕೊಳ್ಳಲಿ ಎಂದು. ಅಷ್ಟರಲ್ಲಿ ನಮ್ಮ ಊರಿನವರೇ ಒಬ್ಬರು ಬರುತ್ತಿರುವುದು ಕಂಡಿತು. ಅಮ್ಮ ಸೆರಗು ಮುಖಕ್ಕೆ ಎಳೆದುಕೊಂಡಳು. ಅವರು ನಮ್ಮನ್ನು ನೋಡದವರ ಹಾಗೆ ನಡೆದು, ನೇರವಾಗಿ ನಾವು ಕಾಯಬೇಕಿದ್ದ ಬಾಗಿಲ ಮುಂದೆ ಹೋಗಿ ಕೂತರು.

"ಸೆರಗು ತೆಗಿ ಅತ್ಗೇ," ಎಂದಳು ಶಾಂತತ್ತೆ. "ಅವ್ರೂ ಇಲ್ಲಿಗೇ ಬಂದವ್ರೆ."

ನನಗೆ ನಗು ಬಂತು. ಚಿಕ್ಕ ನಗು, ಮೂಗಿನಲ್ಲಿ ಬಂದದ್ದು. ಅಮ್ಮ ನನ್ನ ಕಡೆ ತಿರುಗಿ ನೋಡಿದಳು. ಎಷ್ಟೋ ತಿಂಗಳಿಂದ ಅವಳು ಆ ಸದ್ದು ಕೇಳಿರಲಿಲ್ಲ. ಎದ್ದು ಬಂದು ಸರಿಯಾದ ಬೆಂಚಿನ ಮೇಲೆ ಕೂತಳು.

ಎರಡು ಗಂಟೆ ಕಾದೆವು. ಪಕ್ಕದಲ್ಲಿ ಮಾಲೂರಿನ ಕಡೆಯ ಒಬ್ಬ ಹೆಂಗಸು ಇದ್ದರು, ಸೊಂಟದ ಚೀಲದಿಂದ ಕಡಲೆಕಾಯಿ ತೆಗೆದು ನಮಗೂ ಕೊಟ್ಟರು. "ಮೊದಲ್ನೇ ಸಲನಾ?" ಎಂದು ಕೇಳಿದರು. ಅಮ್ಮ ತಲೆಯಾಡಿಸಿದಳು. "ನಾನು ನಾಲ್ಕು ವರ್ಷದಿಂದ ಬರ್ತಾ ಇದ್ದೀನಿ. ತಿಂಗ್ಳಿಗೊಂದ್ಸಲ. ಸಂತೆಗೆ ಬಂದಂಗೆ. ಹೆದರ್ಕೋಬೇಡಿ, ಒಳಗೆ ಯಾರೂ ಬೈಯಲ್ಲ." ಆ ಹೆಂಗಸಿನ ಹೆಸರು ನನಗೆ ಗೊತ್ತಿಲ್ಲ. ಕಡಲೆಕಾಯಿ ಸಿಪ್ಪೆಯನ್ನು ನೆಲಕ್ಕೆ ಹಾಕದೆ ಸೆರಗಿನ ತುದಿಯಲ್ಲಿ ಕಟ್ಟಿಕೊಳ್ಳುತ್ತಿದ್ದರು ಎಂಬುದು ನೆನಪಿದೆ.

ಡಾಕ್ಟರು ಒಬ್ಬ ಹೆಂಗಸು, ಮಂಜುಳಾ ಮೇಡಂ ವಯಸ್ಸಿನವರು. ಅಪ್ಪ ಫೈಲು ತೆರೆದು ಸ್ಕ್ಯಾನಿಂಗ್ ವಿಷಯ ಶುರುಮಾಡಿದ. ಅವರು ಅದನ್ನು ತೆಗೆದಿಟ್ಟುಕೊಂಡು ನನ್ನನ್ನು ಕೇಳಿದರು.

"ಪವಿತ್ರಾ, ಮೊದ್ಲು ಏನು ಮಾಡೋದಂದ್ರೆ ಇಷ್ಟ ಇತ್ತು?"

"ಖೋ ಖೋ."

"ಈಗ?"

ಯೋಚಿಸಿದೆ. ನಿಜವಾಗಿ ಹುಡುಕಿದೆ. "ಏನೂ ಇಲ್ಲ."

ಎಲ್ಲರನ್ನೂ ಹೊರಗೆ ಕಳಿಸಿದರು. ಆಮೇಲೆ ಊಟ, ನಿದ್ದೆ, ಸ್ಕೂಲು, ಯಾರಾದರೂ ತೊಂದರೆ ಕೊಟ್ಟಿದ್ದಾರಾ ಎಂದೆಲ್ಲ ಒಂದೊಂದಾಗಿ ಕೇಳಿದರು. ಅದೇ ದನಿಯಲ್ಲಿ, ಅವಸರವಿಲ್ಲದೆ, "ಬದುಕಿರೋದೇ ಬೇಡ ಅಂತ ಯಾವತ್ತಾದ್ರೂ ಅನ್ಸಿದೆಯಾ?" ಎಂದರು.

ನಾನಿಲ್ಲದಿದ್ದರೆ ಮನೆಯವರಿಗೆ ಹಗುರವಾಗುತ್ತದೆ ಎಂದು ಎಷ್ಟೋ ದಿನಗಳಿಂದ ಅಂದುಕೊಳ್ಳುತ್ತಿದ್ದೆ. ಅದು ಯಾರಿಗೂ ಹೇಳಬಾರದ, ಹೇಳಿದರೆ ಏನೋ ಆಗಿಬಿಡುವ ಮಾತು ಎಂದು ತಿಳಿದಿದ್ದೆ. ಇವರು ಜ್ವರ ಇದೆಯಾ ಎಂದು ಕೇಳುವ ಹಾಗೆ ಕೇಳಿದರು. "ಹೂಂ," ಎಂದೆ. ಏನೂ ಆಗಲಿಲ್ಲ. ಫ್ಯಾನು ತಿರುಗುತ್ತಲೇ ಇತ್ತು. "ಹೇಳಿದ್ದು ಒಳ್ಳೇದಾಯ್ತು," ಎಂದರು. ಆಗ ನಾನು ಅತ್ತುಬಿಟ್ಟೆ. ಎಂಟು ತಿಂಗಳಲ್ಲಿ ಮೊದಲ ಸಲ, ಸಿಂಬಳ ಸುರಿಯುವ ಹಾಗೆ.

ಅಪ್ಪ ಅಮ್ಮನನ್ನು ಮತ್ತೆ ಕರೆದು ಹೇಳಿದರು: ಇದಕ್ಕೆ ಖಿನ್ನತೆ ಅನ್ನುತ್ತಾರೆ. ಮಕ್ಕಳಿಗೂ ಬರುತ್ತದೆ. ದೊಡ್ಡವರ ಹಾಗೆ ಬೇಜಾರು ಎಂದು ಹೇಳಲು ಅವರಿಗೆ ಬರದೆ ಎಷ್ಟೋ ಸಲ ಸಿಟ್ಟಾಗಿ, ಹೊಟ್ಟೆನೋವಾಗಿ ಕಾಣುತ್ತದೆ. ನೋವು ಸುಳ್ಳಲ್ಲ.

ಅಪ್ಪ ಕೇಳಿದ, "ಮಕ್ಕಳಿಗೇನು ಮೇಡಂ ಚಿಂತೆ? ನಾವು ಊಟಕ್ಕೆ ಬಟ್ಟೆಗೆ ಕಮ್ಮಿ ಮಾಡಿಲ್ಲ. ಎಲ್ಲಿ ತಪ್ಪು ಮಾಡಿದ್ವಿ?"

"ಊಟಕ್ಕೆ ಕಮ್ಮಿ ಇಲ್ಲದ ಮನೇಲೂ ಟೈಫಾಯ್ಡ್ ಬರುತ್ತಲ್ಲ," ಎಂದರು ಡಾಕ್ಟರು. "ತಪ್ಪು ಹುಡುಕೋ ಕೆಲ್ಸ ಬೇಡ. ಕರ್ಕೊಂಡು ಬಂದಿದ್ದೀರಲ್ಲ, ಅದು ಸರಿ ಮಾಡಿದ್ರಿ."

ಅಪ್ಪ ಕಣ್ಣೊರೆಸಿಕೊಂಡಿದ್ದನ್ನು ನಾನು ನೋಡಿದ್ದು ಆಗಲೇ.

ಆ ಒಂದು ದಿನದಲ್ಲಿ ಏನೂ ಸರಿಹೋಗಲಿಲ್ಲ. ಮಾತ್ರೆ ಶುರುವಾದ ಮೊದಲ ವಾರ ವಾಕರಿಕೆ, ಬಾಯಿ ಒಣಗುವುದು. ಪರಿಣಾಮ ಕಾಣಲು ವಾರಗಟ್ಟಲೆ ಬೇಕು, ಅಲ್ಲಿವರೆಗೆ ನನ್ನನ್ನು ಒಂಟಿಯಾಗಿ ಬಿಡಬೇಡಿ, ಮಾತ್ರೆ ನಿಮ್ಮ ಹತ್ತಿರವೇ ಇರಲಿ, ಹೆಚ್ಚು ಕಡಿಮೆ ಅನ್ನಿಸಿದರೆ ತಕ್ಷಣ ಬನ್ನಿ ಎಂದು ಡಾಕ್ಟರು ಅಮ್ಮನಿಗೆ ಹೇಳಿ ಕಳಿಸಿದ್ದರು. ಅಮ್ಮ ಮಾತ್ರೆಗಳನ್ನು ಸೊಂಟದ ಸಂಚಿಯಲ್ಲಿ ಎಲೆಅಡಿಕೆಯ ಜೊತೆ ಇಟ್ಟುಕೊಂಡಳು. ನನ್ನ ಮಾತ್ರೆಗೆ ಯಾವಾಗಲೂ ಸುಣ್ಣದ ವಾಸನೆ. ಅಜ್ಜಿ ಹಗಲೆಲ್ಲ ನನ್ನ ಕೋಣೆಯ ಬಾಗಿಲಲ್ಲೇ ಅವರೆಕಾಯಿ ಸುಲಿಯುತ್ತಾ ಕೂತಳು. ಅವರೆಕಾಯಿ ಮುಗಿದ ಮೇಲೂ ಕೂತಿರುತ್ತಿದ್ದಳು.

ಹದಿನೈದು ದಿನಕ್ಕೊಮ್ಮೆ ಅದೇ ಆಸ್ಪತ್ರೆಯಲ್ಲಿ ಒಬ್ಬ ಸಮಾಲೋಚಕಿಯ ಜೊತೆ ಮಾತು. ಅವರು ದೊಡ್ಡದೇನನ್ನೂ ಹೇಳುತ್ತಿರಲಿಲ್ಲ. ದಿನಕ್ಕೆ ಒಂದು ಕೆಲಸ ಆರಿಸಿಕೋ, ಮನಸ್ಸು ಬರಲಿ ಎಂದು ಕಾಯಬೇಡ, ಮಾಡು, ಆಮೇಲೆ ಹೇಗನಿಸಿತು ಎಂದು ಬರೆದಿಡು, ಅಷ್ಟೆ. ನಾನು ಕರುವಿಗೆ ನೀರು ಕುಡಿಸುವುದನ್ನು ಆರಿಸಿಕೊಂಡೆ. ಮೊದಲ ದಿನ "ಏನೂ ಅನಿಸಲಿಲ್ಲ" ಎಂದು ಬರೆದೆ. ಎಂಟನೇ ದಿನವೂ ಅದನ್ನೇ ಬರೆದೆ. ಮೂರನೇ ವಾರದಲ್ಲಿ ಒಂದು ದಿನ "ಕರು ನನ್ನ ಲಂಗ ಅಗಿಯಿತು, ಸಿಟ್ಟು ಬರಲಿಲ್ಲ" ಎಂದು ಬರೆದಿದ್ದೇನೆ. ಆ ಪುಸ್ತಕವನ್ನು ನೋಡಿ ಸಮಾಲೋಚಕಿ ಅಷ್ಟೊಂದು ಸಂತೋಷಪಟ್ಟಿದ್ದು ಯಾಕೆಂದು ನನಗೆ ಆಗ ಅರ್ಥವಾಗಿರಲಿಲ್ಲ.

ಬೆಳಿಗ್ಗೆ ಹೊತ್ತು ಅಪ್ಪ ನನ್ನನ್ನು ಸೊಪ್ಪಿನ ತೋಟಕ್ಕೆ ಕರೆದೊಯ್ಯುತ್ತಿದ್ದ. ಕೆಲಸ ಮಾಡಿಸಲು ಅಲ್ಲ. ಅವನು ಕೊಯ್ಯುತ್ತಿದ್ದ, ನಾನು ಬದುವಿನ ಮೇಲೆ ಕೂತಿರುತ್ತಿದ್ದೆ. ಒಂದು ದಿನ ತಲೆ ಎತ್ತದೆ ಹೇಳಿದ, "ನಾಟ್ಕ ಅಂದಿದ್ದೆ ನಾನು. ಮನಸ್ಸಿಗೆ ಹಾಕ್ಕೋಬೇಡಮ್ಮಾ. ಗೊತ್ತಿರ್ಲಿಲ್ಲ."

"ನನಗೂ ಗೊತ್ತಿರ್ಲಿಲ್ಲಪ್ಪಾ," ಎಂದೆ.

ನಮ್ಮಿಬ್ಬರ ನಡುವೆ ಆ ವಿಷಯದ ಮಾತು ಅಷ್ಟೇ ಆದದ್ದು. ಸಾಕಾಗಿತ್ತು.

ಸ್ಕೂಲಿಗೆ ವಾಪಸ್ಸು ಹೋದಾಗ ಹಿಂದಿನ ಬೆಂಚಿನಿಂದ "ಮೆಂಟಲ್" ಎಂಬ ಮಾತು ಕೇಳಿಬಂತು. ನೋವಾಯಿತು. ಆದರೆ ನೋವಾದರೆ ಅದು ನೋವೆಂದು ಗೊತ್ತಾಗುವಷ್ಟು ಸರಿಯಾಗಿದ್ದೆ. ಮಂಜುಳಾ ಮೇಡಂ ನನ್ನನ್ನು ತಂಡಕ್ಕೆ ಮತ್ತೆ ಸೇರಿಸಿದರು. ಮೊದಲಿನ ವೇಗ ಬರಲಿಲ್ಲ. ಎಲ್ಲರಿಗಿಂತ ಮೊದಲು ಔಟಾಗುತ್ತಿದ್ದೆ. ಔಟಾಗಿ ಬಂದು ಕೂತು, ಉಳಿದವರು ಓಡುವುದನ್ನು ನೋಡುತ್ತಾ ಕೂಗಾಡುತ್ತಿದ್ದೆ. ಸಿಂಧುಗೆ ಹೊಸ ಕಾಪಿ ಪುಸ್ತಕ ಕೊಂಡುಕೊಟ್ಟೆ. ಅವಳಿಗೆ ಹರಿದದ್ದು ಮರೆತೇಹೋಗಿತ್ತು.

ಒಂದೂವರೆ ವರ್ಷಕ್ಕೆ ಡಾಕ್ಟರು ಮಾತ್ರೆಯನ್ನು ನಿಧಾನವಾಗಿ ಕಡಿಮೆ ಮಾಡಿ ನಿಲ್ಲಿಸಿದರು. ಮತ್ತೆ ಬರಬಹುದು, ಬಂದರೆ ಹೆದರಬೇಡ, ಬೇಗ ಬಾ ಎಂದೂ ಹೇಳಿದರು. ಬಂತು. ಮಾಲೂರಿನಲ್ಲಿ ಹಾಸ್ಟೆಲಿನಲ್ಲಿದ್ದು ಡಿಗ್ರಿ ಓದುತ್ತಿದ್ದಾಗ, ಎರಡನೇ ವರ್ಷ. ಮೊದಲು ಊಟದ ರುಚಿ ಹೋಯಿತು. ಆಮೇಲೆ ರೂಮಿನ ಗೆಳತಿಯ ನಗು ಕೇಳಿದರೆ ಸಿಟ್ಟು. ಒಂದು ಬೆಳಿಗ್ಗೆ ಬಕೆಟ್ ಹಿಡಿದು ನಲ್ಲಿಯ ಮುಂದೆ ನಿಂತವಳು ನಲ್ಲಿ ತಿರುಗಿಸಲಾಗದೆ ನಿಂತೇ ಇದ್ದೆ. ಆಗ ಗೊತ್ತಾಯಿತು. ಈ ಸಲ ಅದರ ಹೆಸರು ನನಗೆ ಗೊತ್ತಿತ್ತು. ಬಕೆಟ್ ಅಲ್ಲೇ ಬಿಟ್ಟು ಅಪ್ಪನಿಗೆ ಫೋನ್ ಮಾಡಿದೆ.

"ಅಪ್ಪಾ, ಮತ್ತೆ ಬಂದಂಗೈತೆ."

ಏನು ಬಂತು, ಯಾಕೆ ಬಂತು, ಪರೀಕ್ಷೆ ಯಾವಾಗ, ಒಂದನ್ನೂ ಅವನು ಕೇಳಲಿಲ್ಲ. "ಕೋಲಾರದ ಬಸ್ ಹತ್ತು. ನಾನು ಸ್ಟ್ಯಾಂಡಲ್ಲಿ ಇರ್ತೀನಿ," ಎಂದ. ಬಸ್ಸಿಳಿದಾಗ ಅವನ ಕೈಯಲ್ಲಿ ಹಳೇ ಫೈಲಿತ್ತು, ಎಲ್ಲಾ ಚೀಟಿಗಳನ್ನು ಜೋಡಿಸಿ ಪಿನ್ ಹಾಕಿದ್ದು. ಈ ಸಲ ಎಂಟು ತಿಂಗಳು ಕಳೆಯಲಿಲ್ಲ, ರುಚಿ ಹೋದ ಹನ್ನೊಂದನೇ ದಿನಕ್ಕೆ ಡಾಕ್ಟರ ಮುಂದೆ ಇದ್ದೆ. ಒಂದು ಪರೀಕ್ಷೆ ತಪ್ಪಿತು, ಆಮೇಲೆ ಬರೆದೆ.

ಈಗ ಚಿಕ್ಕ ಮಾತ್ರೆ ಒಂದಿದೆ. ಮೂರು ತಿಂಗಳಿಗೊಮ್ಮೆ ತೋರಿಸಿಕೊಂಡು ಬರುತ್ತೇನೆ. ಡಿಗ್ರಿ ಮುಗಿಸಿ ಡೇರಿಯ ಕೆಲಸಕ್ಕೆ ಸೇರಿದ್ದನ್ನು ಕೆಲವರು ಸಣ್ಣದೆನ್ನುತ್ತಾರೆ. ನನಗೆ ಹಾಗನ್ನಿಸುವುದಿಲ್ಲ. ಬೆಳಗಿನ ಆರಕ್ಕೆ ಎದ್ದು, ಅರವತ್ತು ಮನೆಯವರ ಮುಖ ನೋಡಿ, ಯಾರ ಹಸು ಗಬ್ಬ, ಯಾರ ಮೊಮ್ಮಗು ನಡೆಯಿತು ಎಂದು ಕೇಳಿಕೊಂಡು, ಮನೆಗೆ ಬಂದು ಬಿಸಿ ಇಡ್ಲಿ ತಿಂದರೆ ಅದರ ರುಚಿ ನಾಲಿಗೆಗೆ ಗೊತ್ತಾಗುತ್ತದೆ. ರುಚಿ ಗೊತ್ತಾಗದೇ ಇದ್ದವರಿಗೆ ಇದು ಎಷ್ಟು ದೊಡ್ಡದೆಂದು ತಿಳಿದಿರುತ್ತದೆ.

ಈ ಹತ್ತು ವರ್ಷದಲ್ಲಿ ನಾನು ಆಸ್ಪತ್ರೆಗೆ ಹೋದಾಗಲೆಲ್ಲ ಶಾಂತತ್ತೆ ಜೊತೆಗೆ ಬಂದಿದ್ದಾಳೆ. ಮುಳಬಾಗಿಲಿನಿಂದ ಬಸ್ಸಿನಲ್ಲಿ ನೇರವಾಗಿ ಕೋಲಾರಕ್ಕೆ ಬಂದು, ಗೇಟಿನ ಹತ್ತಿರ ಕಾಯುತ್ತಿರುತ್ತಾಳೆ. ಡಾಕ್ಟರ ಕೋಣೆಯೊಳಗೆ ಬರುವುದಿಲ್ಲ, ಹೊರಗಿನ ಬೆಂಚಿನ ಮೇಲೆ ಕೂತಿರುತ್ತಾಳೆ. ನಿನಗೂ ಒಂದು ಸಲ ತೋರಿಸೋಣ ಅತ್ತೆ ಎಂದು ನಾನು ಎಷ್ಟೋ ಸಲ ಹೇಳಿದ್ದೆ. "ನನ್ನದು ಮುಗಿದುಹೋದ ಕತೆ ಕಣೇ. ಇಷ್ಟು ವರ್ಷ ಆದ್ಮೇಲೆ ಏನು," ಎಂದು ಮಾತು ತೇಲಿಸುತ್ತಿದ್ದಳು. ನಾನು ಒತ್ತಾಯ ಮಾಡುತ್ತಿರಲಿಲ್ಲ.

ಹೋದ ವಾರ ಚೀಟಿಯ ಕೌಂಟರಿನಲ್ಲಿ ನನ್ನ ಸರದಿ ಬಂತು. ಹೆಸರು, ಊರು ಹೇಳಿ ಚೀಟಿ ತೆಗೆದುಕೊಂಡು ತಿರುಗಿದರೆ ಅತ್ತೆ ಅಲ್ಲೇ ನನ್ನ ಹಿಂದೆ ನಿಂತಿದ್ದಳು. ಬೆಂಚಿಗೆ ಹೋಗಿರಲಿಲ್ಲ. ಕಿಟಕಿಗೆ ಬಾಗಿ, "ಇನ್ನೊಂದು ಬರೀರಪ್ಪಾ. ಶಾಂತಮ್ಮ, ಮುಳಬಾಗಿಲು," ಎಂದಳು. ಒಳಗಿದ್ದವರು ವಯಸ್ಸು ಕೇಳಿದರು. "ನಲವತ್ತೇಳು," ಎಂದಳು, ಸ್ವಲ್ಪ ನಾಚಿಕೊಂಡು.

ಡಾಕ್ಟರ ಕೋಣೆಗೆ ಒಬ್ಬಳೇ ಹೋಗುತ್ತೇನೆ ಎಂದಳು. ನಾನು ಹೊರಗೆ ಕೂತೆ. ನನ್ನದು ಹತ್ತು ನಿಮಿಷದಲ್ಲಿ ಮುಗಿದಿತ್ತು, ಅವಳದು ಮುಕ್ಕಾಲು ಗಂಟೆಯಾದರೂ ಮುಗಿಯಲಿಲ್ಲ. ಬಾಗಿಲು ತೆರೆದು ಬಂದವಳ ಕಣ್ಣು ಕೆಂಪಾಗಿತ್ತು, ಸೆರಗಿನ ತುದಿ ಒದ್ದೆ. ನನ್ನ ಪಕ್ಕ ಕೂತು ಚೀಟಿಯನ್ನು ನಾಲ್ಕಾಗಿ ಮಡಚಿದಳು.

"ಎಲ್ಲಾ ಕೇಳಿದ್ರು ಕಣೇ," ಎಂದಳು. "ಮೊದ್ಲಿಂದ ಕೇಳಿದ್ರು. ನಾನೂ ಮೊದ್ಲಿಂದ ಹೇಳ್ದೆ."

ಹೊರಗೆ ಬಂದ ಮೇಲೆ ಹಸಿವಾಗ್ತಾ ಐತೆ ಎಂದು ಅವಳೇ ಹೇಳಿದಳು. ಬಸ್ ಸ್ಟ್ಯಾಂಡಿನ ಹತ್ತಿರದ ಹೋಟೆಲಿಗೆ ಹೋಗಿ ಎರಡು ಮಸಾಲೆದೋಸೆ ಹೇಳಿದೆವು. ಅತ್ತೆ ತನ್ನದನ್ನು ಪೂರ್ತಿ ತಿಂದು, ಚಟ್ನಿ ಇನ್ನೊಂದು ಸಲ ಹಾಕಿಸಿಕೊಂಡಳು.